ಕರೀಂ ಕೂಗಿದ ಹಾಜರಿ

ಗೆಳೆಯರೇ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್, ಅದರ ಬೆನ್ನಿಗೇ ಕೊಲೆ-ಸುಲಿಗೆ ಆಗಿ ವರ್ಷ ಕಳೆದ ಮೇಲೆ, ಇವತ್ತು ಬೀದರಿನಲ್ಲಿ ನಮ್ಮ ಕಾಲೇಜು ಹುಡುಗರ ಕನ್ನಡ ಬಳಗ, ಉರ್ದು ಬಳಗ ಎರಡೂ ಸೇರಿ ಒಂದಾದವು.

ಉರ್ದು ಬಳಗದಿಂದ ಬಂದವನು ಭಾಲ್ಕಿಯ ಕರೀಂ ಒಬ್ಬನೇ. ಕಂಕುಳಲ್ಲಿ ಅವರ ಬಳಗದ ಹಾಜರಿ ಪುಸ್ತಕ. ಬಾರದವನ ಹೆಸರು ಕೂಗಿದಾಗ ಅವನ ಗೆಳೆಯ 'ಹಾಜರ್' ಎನ್ನುವುದು ಅವರ ಪದ್ಧತಿ. ಕರೀಂ ಮೂವತ್ತು ಹೆಸರು ಕೂಗಿ, ಎಲ್ಲಕ್ಕೂ ತಾನೇ 'ಹಾಜರ್' ಎಂದ.

ಕನ್ನಡ ಬಳಗದ ಕಾರ್ಯದರ್ಶಿ ನಾನು. ತಡೆದೆ. "ಬಂದವರ ಹೆಸರಷ್ಟೇ ಬರಕೋತೇವಪಾ."

"ಹಂಗಾದ್ರ ಉಳಿದವರು ಎಲ್ಲಿ ಹೋದ್ರು ಅಂತ ನೀನೇ ಬರಕೋ, ಶರಣು."

ಅದನ್ನು ಬರೆಯಲು ನನಗೆ ಕೈ ಬರಲಿಲ್ಲ. ಸಭೆಯ ನಡಾವಳಿಯಲ್ಲಿ 'ಎರಡೂ ಕಡೆಯವರ ಒಮ್ಮತದಿಂದ ಒಂದಾದವು' ಎಂದು ಬರೆದು ಮುಗಿಸಿದೆ. ಅವರ ಕಡೆ ಎದ್ದದ್ದು ಒಂದೇ ಕೈ. ಒಮ್ಮತಕ್ಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.