ಹಿಮದ ಮೇಲೆ ಅಕ್ಕ

ಅಕ್ಕನ ಮೊಣಕಾಲುಗಳ ಮೇಲೆ ದಡ್ಡುಗಟ್ಟಿದ್ದ ಕಪ್ಪು ಚರ್ಮ ಉಪ್ಪುನೀರಿನಲ್ಲಿ ಎಷ್ಟು ನೆನೆದರೂ ಮೆತ್ತಗಾಗುತ್ತಿರಲಿಲ್ಲ. ಅಪ್ಪನ ದೋಣಿಯಲ್ಲಿ ಮಂಡಿಯೂರಿ ಬಲೆ ಎಳೆದು ಬಂದದ್ದು ಅದು. ಗಂಡುಮಕ್ಕಳಿಲ್ಲದ ಅಪ್ಪ ನಮ್ಮಿಬ್ಬರನ್ನೂ ದೋಣಿಗೆ ಹತ್ತಿಸಿಕೊಳ್ಳುತ್ತಿದ್ದ. ಆದರೆ ಚುಕ್ಕಾಣಿ ಕೊಡುತ್ತಿದ್ದದ್ದು ಅವಳ ಕೈಗೆ. ನನಗೆ ದೋಣಿಯೊಳಗಿನ ನೀರು ಹೊರಚೆಲ್ಲುವ ಡಬ್ಬಿ. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು.

ನಮ್ಮೂರು ದೇವಬಾಗಕ್ಕೆ ಪ್ರವಾಸಿಗರ ವಾಟರ್ ಸ್ಕೂಟರ್ ಬಂದಾಗ ಇಬ್ಬರೂ ಓಡಿಸುವ ಕೆಲಸಕ್ಕೆ ಸೇರಿದೆವು. ಕಾಳಿ ನದಿ ಸಮುದ್ರ ಸೇರುವಲ್ಲಿ ಅಲೆ ಎರಡೂ ಕಡೆಯಿಂದ ಬರುತ್ತದೆ. ನಾನು ಹಲ್ಲು ಕಚ್ಚಿ ದಾಟುತ್ತಿದ್ದೆ. ಅಕ್ಕ ಎದ್ದು ನಿಂತು, ಹಿಂದೆ ಕುಳಿತವರ ಊರು, ಮಕ್ಕಳು, ಮರಿ ಎಲ್ಲ ವಿಚಾರಿಸುತ್ತಾ ದಾಟುತ್ತಿದ್ದಳು. ಹೇಗೆ ಎಂದು ಕೇಳಿದರೆ, "ಹಂಗೇ ಗೋ. ಅದು ಹೋಗ್ತದೆ, ನಾವು ಅದ್ರ ಮೇಲೆ ಇರೂದು" ಎನ್ನುವಳು. ಇದಕ್ಕಿಂತ ಹೊಟ್ಟೆ ಉರಿಸುವ ಉತ್ತರ ಇದೆಯೇ?

ಆ ಸ್ಕೂಟರುಗಳನ್ನು ಮಾರಿದ್ದ ಗೋವಾದ ವ್ಯಾಪಾರಿ ಗುಲ್ಮಾರ್ಗದಲ್ಲೂ ದಂಧೆ ಶುರು ಮಾಡಿ, ಬೆಟ್ಟ ಹತ್ತುವ ಹೊಸ ಸ್ನೋ ಸ್ಕೂಟರ್ ತರಿಸಿದ. ಆಳವಾದ ಹಿಮದಲ್ಲಿ ಅದನ್ನು ಓಡಿಸಿ ನೋಡಬೇಕು, ಒಬ್ಬರು ಅಲ್ಲೇ ಉಳಿದು ಬೇರೆಯವರಿಗೆ ಕಲಿಸಬೇಕು ಎಂದು ಇಬ್ಬರನ್ನೂ ಕರೆಸಿದ. ಉಳಿಯುವುದು ಯಾರೆಂದು ಹೇಳಿರಲಿಲ್ಲ. ಅಕ್ಕ ರೈಲಿನುದ್ದಕ್ಕೂ ಅಂಕೋಲೆಯ ಚಿಕ್ಕಮ್ಮ ಕಟ್ಟಿಕೊಟ್ಟ ಒಣಸಿಗಡಿ ಚಟ್ನಿಯನ್ನು ಅಕ್ಕಪಕ್ಕದವರಿಗೆ ಹಂಚಿದಳು. ನಾನು ಇನ್ನೂ ಕಾಣದ ಆ ಯಂತ್ರವನ್ನು ಮನಸ್ಸಿನಲ್ಲೇ ಓಡಿಸುತ್ತಾ ಹೋದೆ.

ಗುಲ್ಮಾರ್ಗದಲ್ಲಿ ವ್ಯಾಪಾರಿ ಮೊದಲು ಯಂತ್ರ ಹತ್ತಿಸಿದ್ದು ಅಕ್ಕನನ್ನೇ. ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಹೊಸ ಹಿಮ. ಯಂತ್ರ ಮೂತಿ ಎತ್ತಿ ನುಗ್ಗಿತು. ಅಕ್ಕ ಸೀಟು ಬಿಟ್ಟು ನಿಂತಳು. ಇಳಿಜಾರಿಗೆ ಅಡ್ಡ ಹೋಗುವಾಗ ಒಂದು ಕಾಲು ಮಡಚಿ ಮಂಡಿಯನ್ನು ಸೀಟಿಗೂರಿ, ಮೈಯನ್ನು ಬೆಟ್ಟದ ಕಡೆಗೆ ವಾಲಿಸಿದಳು. ಹಿಟ್ಟಿನಂಥ ಹಿಮ ಅವಳ ತಲೆಯ ಮೇಲಿಂದ ಹಾರಿತು. ಹಿಮವನ್ನು ಜೀವಮಾನದಲ್ಲೇ ಮೊದಲ ಸಲ ಕಂಡವಳು! ವ್ಯಾಪಾರಿ ಕುಣಿದಾಡಿದ. ನನಗೆ ಮಾತ್ರ, ಒಂದೇ ಒಂದು ಸಲ ಇವಳು ಬೀಳಬಾರದೇ ಅನ್ನಿಸಿತು.

ನನ್ನ ಸರದಿ ಬಂತು. ಅವಳ ಜಾಡಿಗಿಂತ ಮೇಲೆ ಹೋಗಲೇಬೇಕೆಂದು ಹೊರಟೆ, ಹೋದೆ ಕೂಡ. ತಿರುಗಿಸುವಾಗ ಹೆದರಿ ಎಕ್ಸಲರೇಟರ್ ಬಿಟ್ಟುಬಿಟ್ಟೆ. ಯಂತ್ರ ಅಲ್ಲೇ ಕುಸಿದು ವಾಲಿತು. ನಾನು ಎದೆಯವರೆಗೆ ಹೂತುಹೋದೆ. ಕಾಲಿಗೆ ನೆಲವೇ ಸಿಗಲಿಲ್ಲ.

ಅಕ್ಕ ಹಿಮವನ್ನು ಬಗೆಯುತ್ತಾ ಹತ್ತಿ ಬಂದು, ಕಂಕುಳಿಗೆ ಕೈಹಾಕಿ ನನ್ನನ್ನು ಎಳೆದಳು. "ಹೆದರಬೇಡ ತಂಗಿ. ಮೊದ್ಲು ಉಸಿರು ತಕ" ಎಂದಳು. ಇಬ್ಬರೂ ಸೇರಿ ಯಂತ್ರದ ಮುಂದಿನ ಹಿಮವನ್ನು ತುಳಿದು ಗಟ್ಟಿ ಮಾಡಿ, ಅದನ್ನು ನೆಟ್ಟಗೆ ನಿಲ್ಲಿಸಿದೆವು.

"ನೀನೇ ಇಳಿಸು" ಎಂದೆ.

"ನಾ ಯಂತಕ್ಕೆ? ಹತ್ತಿಸಿದವ್ಳು ನೀನು."

ಈ ಸಲ ಎಕ್ಸಲರೇಟರ್ ಬಿಡದೆ ಇಳಿಸಿದೆ.

ಸಂಜೆ ಒಲೆಯ ಸುತ್ತ ಕುಳಿತಾಗ ವ್ಯಾಪಾರಿ ಅಕ್ಕನಿಗೆ, "ನೀನೇ ಉಳೀಬೇಕು" ಎಂದ. ನಾನು ಮುಖವನ್ನು ಒಲೆಯತ್ತ ತಿರುಗಿಸಿಕೊಂಡೆ. ಅಕ್ಕ ನನ್ನತ್ತ ಒಮ್ಮೆ ನೋಡಿ ಚಹಾದ ಕಪ್ಪು ಕೆಳಗಿಟ್ಟಳು.

"ನಂಗೆ ಓಡ್ಸೂಕೆ ಬರ್ತದೆ, ಹೇಳೂಕೆ ಬರೂದಿಲ್ಲ. ಇವ್ಳು ಬಿದ್ದು ಎದ್ದವ್ಳು, ಇವ್ಳೇ ಕಲಿಸ್ಲಿ. ನಂಗೆ ಈ ಚಳಿ ಆಗೂದಿಲ್ಲ ಮಾರಾಯ್ರೆ."

ಹಾಗೆ ಉಳಿದವಳು ನಾನು. ಅಂದಿನಿಂದ ಚಳಿಗಾಲವೆಲ್ಲ ನನ್ನ ಅನ್ನ ಆ ಬೆಟ್ಟದ್ದೇ. ಈಗ ಅಲ್ಲಿಯವರು ನನ್ನನ್ನು ಉಸ್ತಾದ್ ಎನ್ನುತ್ತಾರೆ. ಅಕ್ಕ ದೇವಬಾಗದಲ್ಲೇ ಉಳಿದಳು. ಅವಳಿಗೆ ಚಳಿ ಆಗದು ಎಂಬುದನ್ನು ನಾನು ಪೂರ್ತಿ ನಂಬಿದ್ದೆ.

ಕಳೆದ ಮಳೆಗಾಲದಲ್ಲಿ ಕಾಮಾಲೆ ಹೆಚ್ಚಾಗಿ ಅಕ್ಕ ಕಾರವಾರದ ಆಸ್ಪತ್ರೆ ಸೇರಿದಳು. ನಾನು ಗಂಜಿ ಕುಡಿಸುತ್ತಿದ್ದಾಗ ಕೇಳಿದಳು, "ಈಗ ಅಲ್ಲಿ ಹಿಮ ಇರ್ತದಾ?"

"ಈಗೆಲ್ಲಿ? ಬರೀ ಹುಲ್ಲು."

ಇನ್ನೊಂದು ಗುಟುಕು ನುಂಗಿದಳು. "ಆ ದಿವ್ಸ ನಂಗೂ ಅಲ್ಲೇ ಉಳಿಯೂಕೆ ಭಾಳ ಮನ್ಸಿತ್ತು ಗೋ."

"ಮತ್ತೆ ಯಂತಕ್ಕೆ ಬಿಟ್ಟೆ?"

"ನಿನ್ನ ಮೋರೆ ನೋಡೂಕೆ ಆಗ್ಲಿಲ್ಲ" ಎಂದು ನಕ್ಕಳು. ಅದೇ ವಾರ ಹೋಗಿಬಿಟ್ಟಳು.

ಓಡಿಸುವುದರಲ್ಲಿ ಅವಳನ್ನು ಸರಿಗಟ್ಟಬೇಕೆಂದು ಇಷ್ಟು ವರ್ಷ ಹಟ ಹಿಡಿದಿದ್ದೆ. ಬಹುಶಃ ಸರಿಗಟ್ಟಿಯೂ ಇದ್ದೇನೆ. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಬೆಟ್ಟವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವಳು ಬಿಟ್ಟುಕೊಟ್ಟಳು, ನನಗೆ ಗೊತ್ತಾಗದ ಹಾಗೆ. ಅಕ್ಕನ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು ಇದ್ದರೆ ಅದಕ್ಕೇ.