ಟೆಲಿಫೋನ್ ಅಕ್ಕನ ಕಿವಿಗೆ ಗಸಗಸೆ

ಹೆಂಡತಿ ಮಾತು ಬಿಟ್ಟಿದ್ದಾಳೆ ಎಂಬುದು ಫಿಟ್ಟರಿಗೆ ಗೊತ್ತಾದದ್ದು ಮೂರನೆಯ ದಿನ. ಅದೂ ಮಗಳು ಬಂದು ಕಿವಿಯ ಹತ್ತಿರ ಕೂಗಿ ಹೇಳಿದ ಮೇಲೆ. ಕಿವುಡನ ಮುಂದೆ ಮೌನವ್ರತ ಹಿಡಿದರೆ ಆಗುವುದೇ ಇಷ್ಟು. ಅಷ್ಟು ದಿನ ತುಟಿ ಕಚ್ಚಿಕೊಂಡು ಪಟ್ಟ ಸಂಕಟವೆಲ್ಲ ದಂಡವಾಯಿತಲ್ಲ ಎಂದು ಟೆಲಿಫೋನ್ ಅಕ್ಕನಿಗೆ ಇನ್ನಷ್ಟು ಉರಿಯಿತು.

ಅವಳಿಗೆ ಆ ಹೆಸರು ಬಿದ್ದದ್ದು ಕೆಲಸದಿಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿನವರ ಸಾವು, ಸಂಬಂಧ, ಜಗಳಗಳನ್ನೆಲ್ಲ ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ ಯೌವನ ಕಳೆದವಳು. ‘ಹಲೋ’ ಎಂಬ ಒಂದೇ ಸೊಲ್ಲಿನಲ್ಲಿ ಆ ತುದಿಯವನು ಸುಳ್ಳು ಹೇಳಲಿದ್ದಾನೋ ಅಳಲಿದ್ದಾನೋ ತಿಳಿದುಬಿಡುತ್ತಿತ್ತು. ಇಂಥವಳು ಕಟ್ಟಿಕೊಂಡದ್ದು ಬಟ್ಟೆ ಗಿರಣಿಯ ಮಗ್ಗ ರಿಪೇರಿ ಮಾಡುವ ಫಿಟ್ಟರನನ್ನು. ಮಗ್ಗಗಳ ಗದ್ದಲ ಅವನ ಕಿವಿಯನ್ನು ವರ್ಷವರ್ಷವೂ ಇಷ್ಟಿಷ್ಟೇ ತಿಂದಿತು. ಕಿವಿಗೆ ಏನಾದರೂ ಕೊಡಿ ಎಂದು ಕೆಲಸಗಾರರು ಕೇಳಿದಾಗ, “ಬಟ್ಟೆ ಗಿರಣಿಯಲ್ಲಿದ್ದುಕೊಂಡು ಹತ್ತಿಗೆ ಬರವೇನ್ರಯ್ಯ? ತುರುಕಿಕೊಳ್ಳಿ” ಅಂದನಂತೆ ಮ್ಯಾನೇಜರು. ಆ ಮಹಾನುಭಾವನ ಕೋಣೆಗೆ ಮಾತ್ರ ಎರಡು ಪದರದ ಗಾಜಿನ ಬಾಗಿಲಿತ್ತು. ನಿವೃತ್ತಿಯ ದಿನ ಗಿರಣಿ ಪ್ರೀತಿಯಿಂದ ಕೊಟ್ಟ ಉಡುಗೊರೆ, ಅಲಾರಂ ಗಡಿಯಾರ. ನಾಚಿಕೆ ಹತ್ತಿಯಷ್ಟು ಅಗ್ಗವಾಗಿದ್ದರೂ ಅಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ.

ಅಕ್ಕ ಇವತ್ತಿಗೂ ಆ ಗಿರಣಿಗೆ ಶಾಪ ಹಾಕುತ್ತಾಳೆ. ಗಂಡ ಶಾಪ ಹಾಕಲಿಲ್ಲ, ಗೊಬ್ಬರ ಹಾಕಿದ. ಮನೆಯ ಗೋಡೆಗೂ ಓಣಿಗೂ ನಡುವೆ ಮೊಳದಗಲದ ಜಾಗವಿತ್ತು. ಅಲ್ಲಿ ಗಸಗಸೆ ಹೂ ಬೆಳೆಸಿದ. ಅಡುಗೆಮನೆಯ ಡಬ್ಬಿ ಸೇರುವ ಗಸಗಸೆಗೆ ಇದು ನೆಂಟನೇ ಹೌದು, ಆದರೆ ಬರೀ ಶೋಕಿಯ ನೆಂಟ. ಕೆಂಪು ಇತ್ತು, ಗುಲಾಬಿ ಇತ್ತು. ಈ ವರ್ಷ ಎಲ್ಲಿಂದಲೋ ಒಂದೇ ಒಂದು ಗಿಡ ಕಾಡಿಗೆಗೆ ತೊಟ್ಟು ಕೆಂಪು ಬೆರೆಸಿದಂಥ ಬಣ್ಣದಲ್ಲಿ, ಸೀಳುಸೀಳಾದ ಜಾಲರಿಯಂಚಿನೊಡನೆ ಅರಳಿ, ಹಾಲಿನವನನ್ನೂ ಸೈಕಲ್ಲಿನಿಂದ ಇಳಿಸಿತ್ತು. ಎಸಳಿನ ವೈಭವ ಎಷ್ಟು ಹೊತ್ತಿನದು? ಉದುರಿದ ಮೇಲೆ ಎರಡು ಕಾಯಿ ನಿಂತವು. ಅವುಗಳ ಬೀಜ ಕೈಗೆ ಸಿಕ್ಕರೆ ಮುಂದಿನ ವರ್ಷ ಆ ಬಣ್ಣ ಮತ್ತೆ ನೋಡಬಹುದು, ತಪ್ಪಿದರೆ ಅದರ ವಂಶ ಅಲ್ಲಿಗೇ ಮುಗಿಯಿತು.

ಬೀಜ ಹಿಡಿಯುವುದು ಹದ ನೋಡಿ ಮಾಡುವ ಕೆಲಸ. ಹಸಿಯಲ್ಲಿ ಕೊಯ್ದರೆ ಜೊಳ್ಳು. ಕಾಯಿ ಒಣಗಿ, ಅಲುಗಿಸಿದರೆ ಗಿಲಕಿಯಂತೆ ಗಲಗಲ ಅನ್ನಬೇಕು. ತಡಮಾಡಿದರೆ ಗಾಳಿ ಬಂದು ಉಪ್ಪಿನ ಡಬ್ಬಿ ಕೊಡವಿದ ಹಾಗೆ ಎಲ್ಲವನ್ನೂ ಚೆಲ್ಲಿಬಿಡುತ್ತದೆ. ಫಿಟ್ಟರಿಗೆ ಗಲಗಲ ಕೇಳದು. ಹಾಗಾಗಿ ಪ್ರತಿ ವರ್ಷ ಈ ದಿನಗಳಲ್ಲಿ ಬೆಳಿಗ್ಗೆ, “ಬಾರೇ, ನಿನ್ನ ಕಿವಿ ತಗೊಂಡು ಬಾ” ಎಂದು ಕರೆಯುತ್ತಿದ್ದ. ಅವಳು ಒಲೆಯ ಮೇಲಿನದನ್ನು ಇಳಿಸಿ, ಗೊಣಗುತ್ತ ಹೋಗಿ, ಒಂದೊಂದು ಕಾಯಿಗೂ ಕಿವಿಗೊಟ್ಟು ತೀರ್ಪು ಕೊಡುತ್ತಿದ್ದಳು. ಇದು ಆಯ್ತು, ಇದಿನ್ನೂ ಎಳಸು, ಇದು ಮೂಗ.

ಜಗಳ ಹುಟ್ಟಿದ್ದು ಒಂದು ‘ಹೂಂ’ನಿಂದ. ಅವಳು ತನ್ನ ಅಣ್ಣನ ಮನೆಯ ರಾಮಾಯಣವನ್ನೆಲ್ಲ ಹೇಳುತ್ತಿದ್ದಳು, ಅವನು ಗಿಡದ ಕಡೆ ನೋಡುತ್ತ ಹೂಂಗುಟ್ಟುತ್ತಿದ್ದ. ಅನುಮಾನ ಬಂದು ಅದೇ ದನಿಯಲ್ಲಿ ಕೇಳಿದಳು, “ನಾಳೆ ನಿಮ್ಮ ಗಿಡಾನೆಲ್ಲ ಕಿತ್ತು ತಿಪ್ಪೆಗೆ ಹಾಕ್ಲಾ?”

“ಹೂಂ, ಒಳ್ಳೇದು, ಮಾಡು.”

ಹಾಗಾದರೆ ಇಷ್ಟು ವರ್ಷಗಳ ಹೂಂಗಳಲ್ಲಿ ಪೊಳ್ಳೆಷ್ಟು, ಗಟ್ಟಿಯೆಷ್ಟು? ಊರೆಲ್ಲದರ ಮಾತು ಕೇಳಿಸಿಕೊಂಡವಳ ಮಾತಿಗೆ ಮನೆಯಲ್ಲೇ ಗತಿಯಿಲ್ಲ. ಕಿವಿ ಹೋದದ್ದು ಅವನ ತಪ್ಪಲ್ಲ, ಒಪ್ಪೋಣ. ಕಣ್ಣಿದೆಯಲ್ಲ, ತಿರುಗಿ ತುಟಿ ನೋಡಬಹುದಿತ್ತಲ್ಲ? ಅಂದೇ ಬಾಯಿಗೆ ಬೀಗ ಬಿತ್ತು.

ಈಗ ಮಗಳು ಅಪ್ಪನಿಗೆ ಸುದ್ದಿ ಮುಟ್ಟಿಸಿ ಅಡುಗೆಮನೆಗೆ ಬಂದಳು. “ಹೇಳ್ದೆ ಕಣಮ್ಮ, ಅಮ್ಮ ಲೈನ್ ಕಟ್ ಮಾಡಿದ್ದಾಳೆ ಅಂತ.”

“ಏನಂದ್ರು?”

“ಅದಕ್ಕೇ ಮನೆ ಒಂಥರಾ ಇತ್ತು ಅಂದ್ರು.”

“ಒಂಥರಾ ಅಂದ್ರೆ?”

“ನಂಗೇನು ಗೊತ್ತು. ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಆಪರೇಟರು? ನೀನೇ ಕೇಳ್ಕೋ.”

ಅವಳು ಕೇಳಲಿಲ್ಲ. ಮಗಳು ಹೊರಗೆ ಹೋಗಿ ಕೂಗುತ್ತಿದ್ದುದು ಮಾತ್ರ ಒಲೆಯ ಮುಂದೆ ನಿಂತವಳಿಗೆ ಸ್ಪಷ್ಟವಾಗಿ ಕೇಳಿತು.

“ಅಪ್ಪಾ, ಈ ಕಪ್ಪು ಹೂವಿನ ಕಾಯಿ ನೋಡಿ. ಮುಚ್ಚಳದ ಕೆಳಗೆ ಸುತ್ತ ತೂತು ಬಿಟ್ಟಿದೆ. ಕೊಯ್ಯೋದಲ್ವಾ?”

“ನಿಮ್ಮಮ್ಮ ಕೇಳಿ ಹೇಳ್ಬೇಕು.”

“ಅಮ್ಮ ಯಾಕೆ? ತೂತು ಬಿಟ್ರೆ ಬಲಿತಿದೆ ಅಂತ ಅರ್ಥ, ನಾನು ಚಿಕ್ಕೋಳಿದ್ದಾಗ ನೀವೇ ತೋರ್ಸಿದ್ರಿ. ಕಣ್ಣಿಗೇ ಕಾಣುತ್ತಲ್ಲ.”

ಕಾಗದದ ಕವರೊಂದು ಗಾಳಿಗೆ ಪಟಪಟ ಬಡಿದುಕೊಂಡಿತು.

“ಗಾಳಿ ಎದ್ದಿದೆ ಅಪ್ಪ. ಎಲ್ಲ ಹೋಗುತ್ತೆ.”

“ಹೋದ್ರೆ ಹೋಗ್ಲಿ. ಅವಳು ಬರ್ಲಿ.”

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಕಣ್ಣಿಗೆ ಕಾಣುವುದಕ್ಕೆ ಇಷ್ಟು ವರ್ಷ ತನ್ನ ಕಿವಿಯನ್ನು ಬಿಟ್ಟಿ ದುಡಿಸಿಕೊಂಡನೇ ಈ ಮನುಷ್ಯ? ಆ ಹಾಳು ಗಲಗಲಕ್ಕಾಗಿ ಎಷ್ಟು ಸಲ ಹಾಲು ಉಕ್ಕಿಹೋಗಿತ್ತು. ಒಲೆ ಆರಿಸಿ, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದಳು.

ಗಂಡ ಒಂದು ಕೈಯಲ್ಲಿ ಕಾಗದದ ಕವರು ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಎರಡು ಕಾಯಿಗೂ ತನ್ನ ಮೈಯನ್ನೇ ಅಡ್ಡ ಮಾಡಿ ನಿಂತಿದ್ದ. ಕೊಯ್ಯುವುದಿಲ್ಲ, ಬಿಡುವುದೂ ಇಲ್ಲ.

ಅವಳು ಒಂದು ದಂಟನ್ನು ಹಿಡಿದು ಕಾಯಿಯನ್ನು ಕಿವಿಗೆ ಎಳೆದುಕೊಂಡಳು. ಸಿಟ್ಟಿನ ಕೈ, ಬಗ್ಗಿಸಿದ್ದು ಹೆಚ್ಚಾಯಿತು. ಕಾಯಿ ತಲೆಕೆಳಗಾಗಿ ಬೀಜವೆಲ್ಲ ಕಿವಿಯೊಳಗೆ, ಕೂದಲೊಳಗೆ, ಕತ್ತಿನ ಸಂದಿಗೆ ಸುರಿಯಿತು. ಕಚಗುಳಿಗೆ ಹೆಗಲು ಕಿವಿ ಮುಟ್ಟಿತು, ಬೇಡವೆಂದರೂ ನಗು ಹೊರಬಿತ್ತು. ಮಗಳು ಗೇಟು ಹಿಡಿದುಕೊಂಡು ನಕ್ಕಳು.

“ಕುಣೀಬೇಡ ಕಣೇ, ಹಾಗೇ ನಿಲ್ಲು,” ಎಂದ ಗಂಡ. ಕವರನ್ನು ಅವಳ ಹೆಗಲಿಗೆ ಆನಿಸಿ, ಕೂದಲಿನಿಂದ ಒಂದೊಂದೇ ಕರಿ ಬೀಜವನ್ನು ಒಳಗೆ ಬೀಳಿಸತೊಡಗಿದ. ಮಗ್ಗದ ಸಣ್ಣ ಸಣ್ಣ ಸ್ಕ್ರೂಗಳಿಗೆ ಪಳಗಿದ ಬೆರಳುಗಳು.

ಅವಳು ಮುಖ ತಿರುಗಿಸಿ, ತುಟಿ ಅವನಿಗೆ ಕಾಣುವಂತೆ ನಿಂತು ಕೇಳಿದಳು. “ಕಣ್ಣಿಗೇ ಕಾಣೋದಾದ್ರೆ ನನ್ನ ಯಾಕ್ರೀ ಕರೀತಿದ್ರಿ?”

ಈ ಸಲ ಅವನು ನೋಡುತ್ತಿದ್ದ. ಪ್ರಶ್ನೆ ಪೂರ್ತಿ ತಲುಪಿತು.

“ಗಲಗಲ ಅಂದಾಗ ನಿನ್ನ ಮುಖ ಅರಳುತ್ತೆ. ಅದನ್ನ ನೋಡಿದ್ರೆ ನಂಗೂ ಕೇಳಿದ ಹಾಗಾಗುತ್ತೆ.”

“ಹಾಗಂತ ಒಂದ್ಸಲ ಹೇಳೋಕೇನಾಗಿತ್ತು? ಗಿರಣಿಯವರು ಕಿವಿ ತಿಂದ್ರು, ನಾಲಿಗೆ ಬಿಟ್ಟಿದ್ರಲ್ಲ.”

“ನೀನು ಮಾತಾಡ್ತಿದ್ರೆ ನಡುವೆ ಜಾಗ ಎಲ್ಲಿರುತ್ತೆ?”

“ನೋಡಿದ್ಯೇನೇ,” ಎಂದಳು ಮಗಳಿಗೆ. ಬೈಯುವ ದನಿಯೇ, ಆದರೆ ಬೈಗುಳ ಮುಂದೆ ಸಾಗಲಿಲ್ಲ.

ಎರಡನೆಯ ಕಾಯಿಯನ್ನು ಅವನು ದಂಟಿನ ಸಮೇತ ಕೊಯ್ದು, ನೆಟ್ಟಗೆ ಅವಳ ಕಿವಿಯ ಪಕ್ಕ ಹಿಡಿದು ಅಲುಗಿಸಿದ. ಅವಳು ಬೇಕೆಂದೇ ಮುಖ ಬಿಗಿದುಕೊಂಡು ನಿಂತಳು, ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು. ಸಾಧ್ಯವಾಗಲಿಲ್ಲ.