ಹೋಲ್ಡ್ ಆನ್ ಅನ್ನುವ ಮಾತು

ನನಗೆ ಬರುವ ಇಂಗ್ಲಿಷ್ ಮಾತುಗಳು ಒಂದು ಹಿಡಿಯಷ್ಟಿಲ್ಲ. ಕನ್ನಡವನ್ನೇ ಕೂಡಿಸಿಕೊಂಡು ಓದುವವಳು. ಬರೆಯುವಾಗ ಒತ್ತಕ್ಷರ ಬೇಕಾದ ಕಡೆ ಬಿಟ್ಟು ಬೇಡದ ಕಡೆ ಹಾಕುತ್ತೇನೆ. ಆದರೂ ಇಂಗ್ಲಿಷಿನ ಒಂದು ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಹೋಲ್ಡ್ ಆನ್. ಬೈಗುಳವೇನಲ್ಲ, ಮರ್ಯಾದಸ್ಥರ ಮಾತು. ಸಿಟ್ಟು ಅದಕ್ಕೇ.

ಮದರಾಸಿಗೆ ಬಂದ ಹೊಸತರಲ್ಲಿ ಅದನ್ನು ಕೇಳಿದ್ದು ಬಸ್ಸಿನಲ್ಲಿ. ಯಾರಾದರೂ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದರೆ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರ್ "ರೈಟ್" ಎಂದರೆ ಹೊರಡುತ್ತಿತ್ತು. ತಮಿಳೇ ಇರಬೇಕು ಅಂದುಕೊಂಡು ನಾನೂ ಕಲಿತೆ. ತರಕಾರಿ ಗಾಡಿಯವನನ್ನು ಒಂದು ಸಲ ಹಾಗೇ ಕೂಗಿ ನಿಲ್ಲಿಸಿದೆ. ಅವನು ನಿಂತ, ಬೀದಿಯೆಲ್ಲ ನಕ್ಕಿತು.

ಅದು ಇಂಗ್ಲಿಷ್ ಎಂದು ತಿಳಿಸಿದವರು ಪಕ್ಕದ ಪೋರ್ಷನ್ನಿನ ಮೇಷ್ಟ್ರು. ಟಿ. ನಗರದ ಆ ಮನೆ ಒಬ್ಬ ಕನ್ನಡದ ವಕೀಲರದು. ಮುಂದೆ ಅವರು, ಹಿಂದೆ ಎರಡು ಪೋರ್ಷನ್ನು. ಒಂದರಲ್ಲಿ ರೈಲ್ವೆ ಗುಮಾಸ್ತರಾದ ನಮ್ಮವರು, ನಾನು, ಮಕ್ಕಳು. ಇನ್ನೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರಾದ ಈ ಮೇಷ್ಟ್ರು. ಒಂದು ಮಾತು ಕೇಳಿದರೆ ಅದರ ತಾತ ಮುತ್ತಾತನನ್ನೆಲ್ಲ ಕರೆತಂದು ಕೂರಿಸುತ್ತಿದ್ದರು.

"ಹೋಲ್ಡ್ ಅಂದ್ರೆ ಹಿಡಿ. ಆನ್ ಅಂದ್ರೆ ನಿಲ್ಲಿಸದೆ ಮಾಡ್ತಾನೇ ಇರು. ಫೋನ್ ಬಂದ ಮೇಲೆ, ಹಿಡ್ಕೊಂಡು ಕಾಯ್ತಾ ಇರಿ ಅಂತಾಯ್ತು. ಕಷ್ಟದಲ್ಲಿರೋರಿಗೂ ಅದನ್ನೇ ಹೇಳ್ತಾರೆ, ಕೈಬಿಡಬೇಡ, ತಡ್ಕೋ ಅಂತ. ಇನ್ನೂ ಹಿಂದಕ್ಕೆ ಹೋದ್ರೆ ನೋಡಮ್ಮಾ, ಹೋಲ್ಡ್ ಅನ್ನೋದು ದನ ಕಾಯೋರ ಮಾತಂತೆ. ಹಿಂಡನ್ನ ಮೇಯಿಸಿ ನೋಡ್ಕೊಳ್ಳೋದು."

"ದನ ಕಾಯೋರ ಮಾತು ವಕೀಲರ ಮನೆ ಫೋನಿಗೆ ಹೇಗೆ ಬಂತು ಮೇಷ್ಟ್ರೇ?"

"ಇಂಗ್ಲಿಷಿನವರ ಜೊತೆ ಬಂತು."

"ಅವರು ಹೋದ್ರಲ್ಲ?"

"ಮಾತು ಬಿಟ್ಟು ಹೋದ್ರು."

ವಕೀಲರ ಮನೆಯ ಹಾಲ್‌ನಲ್ಲಿ ದೇವರ ಮನೆಯ ಪಕ್ಕ, ಸ್ಟೂಲಿನ ಮೇಲೆ ಕರಿ ಫೋನು. ಅದಕ್ಕೆ ಕಸೂತಿಯ ಹೊದಿಕೆ, ಆಯುಧಪೂಜೆಗೆ ಕುಂಕುಮ. ಬೀದಿಯ ಅರ್ಧ ಜನ ಲಗ್ನಪತ್ರಿಕೆಯಲ್ಲಿ ಅದೇ ನಂಬರ್ ಹಾಕಿಸಿ ಪಕ್ಕದಲ್ಲಿ ಪಿ.ಪಿ. ಅಂತ ಬರೆಸುತ್ತಿದ್ದರು. ಫೋನು ಇವರದಲ್ಲ, ಆದರೆ ಕೇಳಿದರೆ ಕರೆದುಕೊಡುತ್ತಾರೆ ಎಂದು ಅರ್ಥ. ತಮಿಳು ಬೆರೆಸಿ ಮಾತಾಡುವ ವಕೀಲರ ಹೆಂಡತಿಯನ್ನು ನಾವೆಲ್ಲ ಮಾಮಿ ಅನ್ನುತ್ತಿದ್ದೆವು. ಅವರೇ "ಹೋಲ್ಡ್ ಆನ್" ಎಂದು ರಿಸೀವರ್ ಪಕ್ಕಕ್ಕಿಟ್ಟು ಹಿತ್ತಲಿಗೆ ಬಂದು ಕರೆಯುತ್ತಿದ್ದರು. ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟೋ ಸುಲಭವಾಗುತ್ತಿತ್ತು.

ದೊಡ್ಡ ಮಗಳು ಸುಶೀಲೆಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೆವು. ಒಂದು ದೀಪಾವಳಿಗೆ ಬಂದಾಗ ಅವಳ ತೋಳು ಕಂದಿತ್ತು. ಬಾವಿಯ ಹಗ್ಗ ಬಡಿಯಿತು ಎಂದಳು. ಹಗ್ಗ ಬೆರಳಿನ ಗುರುತು ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊರಡುವಾಗ ವಕೀಲರ ನಂಬರ್ ಕೊಟ್ಟು, "ತಡಿಯೋಕಾಗದಿದ್ರೆ ಒಂದು ಫೋನ್ ಮಾಡು, ಕರ್ಕೊಂಡು ಬರ್ತೀನಿ" ಎಂದೆ.

ಒಂದು ಬೆಳಿಗ್ಗೆ ಮಾಡಿದಳು. ಪೋಸ್ಟಾಫೀಸಿನಿಂದ, ಟ್ರಂಕ್ ಕಾಲ್. ಆ ದಿನ ನಾನು ಹೊರಗಾಗಿದ್ದೆ. ತಿಂಗಳ ಆ ಮೂರು ದಿನ ಹಿತ್ತಲ ಜಗಲಿಯಲ್ಲಿ ನನ್ನ ಚಾಪೆ, ನನ್ನ ಚೊಂಬು. ಯಾರನ್ನೂ ಮುಟ್ಟುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ.

"ಲಲಿತಾ, ಸುಶೀಲಾ ಲೈನಲ್ಲಿದಾಳೆ! ಹೋಲ್ಡ್ ಆನ್ ಅಂದು ಬಂದಿದೀನಿ, ಓಡಿ ಬಾ" ಎಂದ ಮಾಮಿ ಚಾಪೆ ನೋಡಿ ನಿಂತರು. "ಅಯ್ಯೋ ಕಡವುಳೇ, ನೀನು ದೂರವಾ? ಫೋನು ದೇವರ ಮನೆ ಪಕ್ಕದಲ್ಲಿದೆಯಲ್ಲೇ. ಬಾಗಿಲ ಹತ್ರ ನಿಲ್ಲು, ನಾನೇ ಕೇಳಿ ಹೇಳ್ತೀನಿ."

ಬಾಗಿಲಲ್ಲಿ ನಿಂತರೆ ಸ್ಟೂಲು ಕಾಣುತ್ತಿತ್ತು. ರಿಸೀವರಿನಿಂದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ನನ್ನ ಮಗಳ ದನಿ.

"ಏನಂತೆ ಮಾಮಿ?"

"ಅಮ್ಮ ಎಲ್ಲಿ ಅಂತಾಳೆ."

"ಇಲ್ಲೇ ಇದಾಳೆ ಅನ್ನಿ. ಅವನು ಮತ್ತೆ ಹೊಡೆದನಾ ಕೇಳಿ."

"ಅದೆಲ್ಲ ಹೇಗಡಿ ಕೇಳೋದು? ಎಕ್ಸ್‌ಚೇಂಜಿನವರು ಕೇಳಿಸ್ಕೊಳ್ತಾರೆ." ನನ್ನ ಮಾತನ್ನು ತೊಳೆದು ಮಡಿ ಮಾಡಿ ಫೋನಿಗೆ ಹಾಕಿದರು. "ಸುಶೀಲಾ, ಎಲ್ಲಾ ಸೌಖ್ಯವಾ ಅಂತ ಕೇಳ್ತಿದಾಳೆ ನಿಮ್ಮಮ್ಮ." ಆಮೇಲೆ ನನ್ನ ಕಡೆ ತಿರುಗಿ, "ಸೌಖ್ಯವಂತೆ" ಎಂದರು.

"ಸೌಖ್ಯ ಅನ್ನೋಕೆ ಯಾರಾದ್ರೂ ಟ್ರಂಕ್ ಕಾಲ್ ಮಾಡ್ತಾರಾ? ಹೊರಟು ಬಾ ಅನ್ನಿ ಮಾಮಿ. ಅಷ್ಟೇ ಅನ್ನಿ!"

ಮಾಮಿ ಅವಳಿಗೆ "ಹೋಲ್ಡ್ ಆನ್" ಎಂದರು. ನನಗೆ, "ಅವಸರ ಬೇಡ್ವೇ, ನಿಮ್ಮನೆಯವರನ್ನ ಕೇಳದೆ ಹಾಗೆಲ್ಲ ಹೇಳಬಹುದಾ?" ಎಂದು ಬುದ್ಧಿ ಹೇಳಿದರು. ಬುದ್ಧಿ ಮುಗಿಯುವಷ್ಟರಲ್ಲಿ ಲೈನು ಕಡಿಯಿತು.

ತಿರುಗಿ ಮಾಡೋಣವೆಂದರೆ ಅವರ ಮನೆಯಲ್ಲಿ ಫೋನಿಲ್ಲ. ಕಾಗದ ಹಾಕಿದರೆ ಮೊದಲು ಅತ್ತೆ ಒಡೆಯುತ್ತಾಳೆ. ನಮ್ಮವರು ಸಂಜೆ ಬಂದು ಎಲ್ಲ ಕೇಳಿ, "ಸೌಖ್ಯ ಅಂದ್ಲಲ್ಲ, ಇನ್ನೇನು?" ಎಂದು ಕಾಲು ತೊಳೆಯಲು ಹೋದರು.

ಮುಂದಿನ ಸಲ ಸುಶೀಲೆ ಬಂದದ್ದು ಬಸುರಿಯಾಗಿ. ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ. "ಮಾಮಿ ಹತ್ರ ಏನಂತ ಹೇಳ್ಲಮ್ಮಾ? ನೀನು ಬರ್ತೀಯ ಅಂತ ಹಿಡ್ಕೊಂಡು ನಿಂತಿದ್ದೆ. ಈಗ ಬಿಡು" ಎಂದಳು. ಬಾಣಂತನ ಮುಗಿಸಿಕೊಂಡು ಸೊಲ್ಲಾಪುರಕ್ಕೇ ಹೋದಳು.

ಮೇಷ್ಟ್ರ ಅರ್ಥಗಳಲ್ಲಿ ನನಗೆ ದಕ್ಕಿದ್ದು ದನದ್ದೊಂದೇ. ದನ ಕಾಯುವವನು ಕರು ಅರಚಿದ್ದು ಕೇಳಿದರೆ ಓಡುತ್ತಾನೆ. ತಾನು ಮಡಿಯೋ ಮೈಲಿಗೆಯೋ ಎಂದು ಯೋಚಿಸುತ್ತಾ ಬೇಲಿಯಾಚೆ ನಿಲ್ಲುವುದಿಲ್ಲ. ಆ ಮಾತನ್ನು ದೇವರ ಮನೆ ಪಕ್ಕಕ್ಕೆ ತಂದು, ಹೊದಿಕೆ ಹೊದಿಸಿ, ಕುಂಕುಮ ಇಟ್ಟವರು ನಾವು.

ಎಷ್ಟೋ ವರ್ಷದ ಮೇಲೆ ಮಗನಿಗೆ ಅವನ ಇನ್ಶೂರೆನ್ಸ್ ಆಫೀಸಿನಿಂದ ಮನೆಗೇ ಫೋನ್ ಕೊಟ್ಟರು. ನಾನು ಹಟ ಹಿಡಿದು ಅದನ್ನು ಹಿತ್ತಲ ಬಾಗಿಲ ಪಕ್ಕ ಹಾಕಿಸಿದೆ, ಜಗಲಿಯಲ್ಲಿ ಕೂತವರಿಗೂ ಕೈಗೆಟುಕುವ ಹಾಗೆ. "ನೋಡಿದವರು ನಗ್ತಾರಮ್ಮಾ" ಎಂದ ಮಗ. ನಗಲಿ. ಈಗ ಸೊಸೆ ಹೊರಗೆ ಕೂರುವುದೂ ಇಲ್ಲ, ನನಗೆ ಆ ಕಾಟ ನಿಂತೂ ಹೋಗಿದೆ.

ಹಬ್ಬಕ್ಕೆ ಸುಶೀಲೆ ಫೋನ್ ಮಾಡುತ್ತಾಳೆ. ಮೊದಲ ಗಂಟೆಗೇ ನಾನು ಎತ್ತುತ್ತೇನೆ, ಹೋಲ್ಡ್ ಆನ್ ಅನ್ನುವವರು ನಡುವೆ ಯಾರೂ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಎಲ್ಲಾ ಸೌಖ್ಯಮ್ಮಾ" ಅನ್ನುತ್ತಾಳೆ. ಮಾಮಿಗೆ ಹೇಳಿದ ಹಾಗೇ.